ಹುಳ ಒಂದು ಹೇಳಿ ಬಾವಲಿ ಇನ್ನೊಂದು ಹೇಳಿದಾಗ: ತುಂಗಭದ್ರೆಯ ದಂಡೆಯಲ್ಲಿ ದೋಷ ಹುಡುಕುವ ಕ್ರಮ

ಮುನಿರಾಬಾದಿನ ಅಣೆಕಟ್ಟಿನ ಕೆಳಗೆ ಆನೆಗೊಂದಿ, ಕಂಪ್ಲಿ, ಸಿರುಗುಪ್ಪ ದಾಟಿ ರಾಯಚೂರು ಜಿಲ್ಲೆಯ ರಾಜೋಳಿಬಂಡಾವರೆಗೆ ಎಲ್ಲೇ ಆಗಲಿ, ನದಿಯ ಹುಳ ಎಣಿಸುವವರಿಗೆ ಮತ್ತು ರಾತ್ರಿ ಬಾವಲಿಯ ದನಿ ದಾಖಲಿಸುವವರಿಗೆ ಈ ಕೈಪಿಡಿ. ನೀರಿನ ಹುಳ ಒಂದೇ ಕಲ್ಲಿನಡಿ ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕುತ್ತದೆ. ಹತ್ತು ದಿನದ ಹಿಂದೆ ಹರಿದುಹೋದ ವಿಷ ಇವತ್ತಿನ ಬಾಟಲಿಗೆ ಸಿಗುವುದಿಲ್ಲ, ಆದರೆ ಯಾರು ಸತ್ತರು, ಯಾರು ಉಳಿದರು ಎಂಬುದರಲ್ಲಿ ಅದರ ಗುರುತು ಇರುತ್ತದೆ. ಅದೇ ಹುಳ ರೆಕ್ಕೆ ಮೂಡಿ ಮೇಲೆದ್ದಾಗ ಬಾವಲಿಗೆ ಊಟ. ಹೀಗಾಗಿ ಹುಳ ಒಂದು ಕಲ್ಲುಮಡುವಿನ ಸುದ್ದಿ ಹೇಳಿದರೆ ಬಾವಲಿ ದಂಡೆಯ ಮರ, ಗದ್ದೆ, ದೀಪ ಎಲ್ಲವನ್ನೂ ಸೇರಿಸಿ ಹೇಳುತ್ತದೆ.

ಲೆಕ್ಕ ಕೆಟ್ಟಾಗ ಅನುಮಾನ ಈ ಕ್ರಮದಲ್ಲಿ ಸಾಗಲಿ: ಮೊದಲು ಸಲಕರಣೆ, ಆಮೇಲೆ ನೀರಿನ ಮಟ್ಟ, ಆಮೇಲೆ ಜಾಗದ ಸ್ವಭಾವ, ಕೊನೆಗೆ ಮಾಲಿನ್ಯ. ಈ ಕ್ರಮ ತಪ್ಪಿದರೆ ರೈತನ ಮೇಲೋ ಕಾರ್ಖಾನೆಯ ಮೇಲೋ ಸುಳ್ಳು ಆರೋಪ ಹೋಗುತ್ತದೆ. ಮುಂದೆ ನಿಜವಾದ ದೂರು ಬಂದಾಗ ನಂಬುವವರು ಇರುವುದಿಲ್ಲ.

ದೋಷ 1: ಬಲೆಯಲ್ಲಿ ಹುಳವೇ ಇಲ್ಲ, ಅಥವಾ ತೀರಾ ಕಡಿಮೆ

ಮೊದಲು ಬಲೆ ನೋಡಿ. 'ಡಿ' ಆಕಾರದ ಚೌಕಟ್ಟು, ತಳ 30 ಸೆಂ.ಮೀ. ಅಗಲ, ಜಾಲದ ಕಣ್ಣು 500 ಮೈಕ್ರಾನ್, ಅಂದರೆ ಅರ್ಧ ಮಿ.ಮೀ. ಅಂಗಡಿಯ ಸೊಳ್ಳೆಪರದೆ ಹೊಲಿಸಿದ್ದರೆ ಅದರ ಕಣ್ಣು ಒಂದು ಮಿ.ಮೀ.ಗಿಂತ ದೊಡ್ಡದು, ಕೇನಿಡ್ ಕುಟುಂಬದ ಸಣ್ಣ ಮೇಫ್ಲೈ ಮರಿಗಳು ಮತ್ತು ಎಳೆಯ ರಕ್ತಹುಳುಗಳು ಅದರಿಂದ ಸರಾಗವಾಗಿ ಪಾರಾಗುತ್ತವೆ. ದೊಡ್ಡ ಹುಳ ಮಾತ್ರ ಸಿಗುತ್ತಿದ್ದರೆ ಕಾರಣ ಬಹುತೇಕ ಇದೇ. ಪಾಚಿ ಹೆಚ್ಚಿರುವ ದಿನಗಳಲ್ಲಿ ಇನ್ನೊಂದು ತೊಂದರೆ ಬರುತ್ತದೆ. ಜಾಲ ಕಟ್ಟಿಕೊಂಡು ನೀರು ಬಾಯಿಯಿಂದಲೇ ಹಿಂದಕ್ಕೆ ಚಿಮ್ಮುತ್ತದೆ, ಹುಳವೂ ಅದರ ಜೊತೆ ಹೋಗುತ್ತದೆ. ಅಂಥ ಕಡೆ ಮೂರು ನಿಮಿಷ ಒಂದೇ ಸಲ ಕೆದಕದೆ, ಮೂವತ್ತು ಸೆಕೆಂಡಿಗೊಮ್ಮೆ ನಿಲ್ಲಿಸಿ ಬಲೆಯನ್ನು ಬಕೆಟ್ಟಿಗೆ ಖಾಲಿ ಮಾಡಿ. ಒಟ್ಟು ಕಾಲದಿಂದಲ್ಲ, ಕಾಲಿನಿಂದ ಕೆದಕಿದ ಕಾಲದಿಂದಲೇ ಮೂರು ನಿಮಿಷ ತುಂಬಬೇಕು. ಆಮೇಲೆ ಒಂದು ನಿಮಿಷ ಕೈಯಿಂದ ಕಲ್ಲು ಮಗುಚಿ, ಅಂಟಿಕೊಂಡಿರುವ ಕ್ಯಾಡಿಸ್‌ಫ್ಲೈ ಗೂಡು ಮತ್ತು ಬಸವನಹುಳುಗಳನ್ನು ಬಿಡಿಸಿಕೊಳ್ಳಿ.

ಬಲೆ ಸರಿಯಿದ್ದರೆ ನೀರಿನ ಮಟ್ಟ ನೋಡಿ. ತುಂಗಭದ್ರೆಯಲ್ಲಿ ಅತಿ ಹೆಚ್ಚು ಮೋಸ ಆಗುವುದು ಇಲ್ಲಿ. ಇದು ಗೇಟು ತೆರೆದರೆ ಏರುವ, ಮುಚ್ಚಿದರೆ ಇಳಿಯುವ ನದಿ. ನಿನ್ನೆ ರಾತ್ರಿ ನೀರು ಬಿಟ್ಟಿದ್ದರೆ ಈ ದಿನ ನಿಮ್ಮ ಮೊಣಕಾಲು ಮುಳುಗುವ ಜಾಗ ಮೊನ್ನೆ ಒಣ ಬಂಡೆಯಾಗಿತ್ತು. ಅಲ್ಲಿ ಹುಳ ಇರುವುದಾದರೂ ಹೇಗೆ? ಪರೀಕ್ಷೆ ಸುಲಭ. ತಳದ ಕಲ್ಲನ್ನು ಎತ್ತಿ ಹೆಬ್ಬೆರಳಿನಿಂದ ಉಜ್ಜಿ. ಬಹುದಿನ ನೀರಲ್ಲಿದ್ದ ಕಲ್ಲಿನ ಮೇಲೆ ಕಂದು-ಹಸಿರು ಲೋಳೆ ಇರುತ್ತದೆ, ಬೆರಳು ಜಾರುತ್ತದೆ. ಹೊಸದಾಗಿ ಮುಳುಗಿದ ಕಲ್ಲು ಒರಟಾಗಿರುತ್ತದೆ, ಒಣಗಿದ ಪಾಚಿಯ ಬಿಳಿ ಚಕ್ಕೆ ಬಿಡುತ್ತದೆ. ಒರಟು ಕಲ್ಲು ಸಿಕ್ಕರೆ ಆ ಮಾದರಿ ಬೇಡ. ಇನ್ನೂ ಆಳಕ್ಕೆ ಇಳಿಯಲು ಸುರಕ್ಷಿತವಿದ್ದರೆ ಅಲ್ಲಿ ತೆಗೆಯಿರಿ, ಇಲ್ಲವಾದರೆ ಬೇರೆ ದಿನ ಬನ್ನಿ.

ದೊಡ್ಡ ಪ್ರವಾಹ ಹೋದ ಮೇಲೆ ಕನಿಷ್ಠ ಮೂರು ವಾರ ಬಿಡಿ. 2024ರ ಆಗಸ್ಟಿನಲ್ಲಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ ಹರಿದಂಥ ನೀರು ತಳದ ಮರಳನ್ನೇ ಮಗುಚಿ ಹಾಕುತ್ತದೆ. ಅಂಥ ವಾರದ ಮಾದರಿಯಲ್ಲಿ ಹುಳ ಕಡಿಮೆ ಬಂದರೆ ಅದರಿಂದ ನೀರು ಕೆಟ್ಟಿದೆಯೋ ಇಲ್ಲವೋ ಏನೂ ತಿಳಿಯುವುದಿಲ್ಲ. ನೀರು ಸದಾ ಏರಿಳಿಯುವ ಜಾಗಕ್ಕೆ ಬಲೆ ಬಿಟ್ಟು ಬುಟ್ಟಿ ಬಳಸಿ: ತಂತಿಯ ಬುಟ್ಟಿಗೆ ಮುಷ್ಟಿಗಾತ್ರದ ಕಲ್ಲು ತುಂಬಿ, ಯಾವತ್ತೂ ಒಣಗದ ಆಳದಲ್ಲಿ ಹಗ್ಗ ಕಟ್ಟಿ ಇಳಿಬಿಟ್ಟು, ನಾಲ್ಕರಿಂದ ಆರು ವಾರದ ನಂತರ ಎತ್ತಿ ಎಣಿಸಿ. ಎತ್ತುವಾಗ ಕೆಳಗೆ ಬಲೆ ಹಿಡಿದೇ ಎತ್ತಬೇಕು, ಇಲ್ಲದಿದ್ದರೆ ಚುರುಕಾದ ಹುಳ ಮೊದಲು ಜಾರುತ್ತದೆ.

ಒಂದು ಎಚ್ಚರಿಕೆ. ಈ ನದಿಯಲ್ಲೂ ಕೃಷ್ಣೆಯಲ್ಲೂ ಮೊಸಳೆಗಳಿವೆ. ಹುಳದ ಕೆಲಸ ಬೆಳಗಿನ ಬೆಳಕಿನಲ್ಲಿ, ಇಬ್ಬರಾಗಿ, ಆಳವಿಲ್ಲದ ಹರಿಯುವ ಕಡೆ ಮಾತ್ರ. ನೀರು ಬಿಡುವ ಸೈರನ್ ಕೇಳಿದರೆ ಬಲೆ ಬಿಟ್ಟು ದಡ ಸೇರಿ. ಮುದ್ಲಾಪುರದಿಂದ ಕಂಪ್ಲಿವರೆಗಿನ ಭಾಗ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ, ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಮೊದಲು.

ದೋಷ 2: ನೀರು ತಿಳಿಯಾಗಿದೆ, ಅಂಕ ಮಾತ್ರ ಕೆಳಗೆ

ಸಿಕ್ಕ ಹುಳಗಳನ್ನು ನೋಡಿ ನೀರಿಗೆ ಅಂಕ ಕೊಡುವ ಬಿಎಂಡಬ್ಲ್ಯೂಪಿ ಪದ್ಧತಿ ಬ್ರಿಟನ್ನಿನ ತಂಪು ಹೊಳೆಗಳಿಗೆ ಮಾಡಿದ್ದು. ಹುಳಗಳ ಪ್ರತಿ ಕುಟುಂಬಕ್ಕೆ 1ರಿಂದ 10ರವರೆಗೆ ಅಂಕ, ಕೊಳೆ ತಾಳದ ಕುಟುಂಬಕ್ಕೆ ಹೆಚ್ಚು. ಒಟ್ಟು ಅಂಕವನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದರೆ ಎಎಸ್‌ಪಿಟಿ, ಅಂದರೆ ಸರಾಸರಿ ಅಂಕ. ಅದರಲ್ಲಿ 10 ಅಂಕದ ಸ್ಟೋನ್‌ಫ್ಲೈಗಳು ತಣ್ಣನೆಯ, ಆಮ್ಲಜನಕ ತುಂಬಿದ ಗುಡ್ಡದ ಹಳ್ಳದ ಜೀವಿಗಳು. ಬೇಸಿಗೆಯಲ್ಲಿ ಬಿಸಿಯೇರುವ ಬಯಲುಸೀಮೆಯ ದೊಡ್ಡ ನದಿಯಲ್ಲಿ ಅವು ಇಲ್ಲದಿರುವುದು ಸಹಜ. ತುಂಗಭದ್ರೆಯ ಅಂಕವನ್ನು ಪಶ್ಚಿಮಘಟ್ಟದ ತೊರೆಯ ಅಂಕಕ್ಕೆ ಹೋಲಿಸಬೇಡಿ. ಅದೇ ನದಿಯ ಮೇಲ್ಬದಿಯ ಒಳ್ಳೆಯ ಜಾಗಕ್ಕೆ, ಅದೇ ವಾರದ ಮಾದರಿಗೆ ಹೋಲಿಸಿ.

ಎರಡನೆಯ ಕಾರಣ, ಎಲ್ಲ ಬಗೆಯ ನೆಲೆಗಳನ್ನೂ ಮುಟ್ಟದಿರುವುದು. ಒಂದು ಲೆಕ್ಕ ನೋಡಿ. ಬೀಟಿಡ್ 4, ಕೇನಿಡ್ 7 (ಎರಡೂ ಮೇಫ್ಲೈ), ಹೈಡ್ರೊಪ್ಸೈಕಿಡ್ ಕ್ಯಾಡಿಸ್‌ಫ್ಲೈ 5, ಗೊಂಫಿಡ್ 8, ಲಿಬೆಲ್ಲುಲಿಡ್ 8 (ಎರಡೂ ಡ್ರ್ಯಾಗನ್‌ಫ್ಲೈ), ಕೈರೊನೊಮಿಡ್ ರಕ್ತಹುಳು 2, ಎರೆಹುಳುವಿನ ಬಳಗ 1, ಲಿಮ್ನೀಡ್ ಬಸವನಹುಳು 3. ಒಟ್ಟು 38, ಕುಟುಂಬ 8, ಎಎಸ್‌ಪಿಟಿ 4.75. ಗೊಂಫಿಡ್ ಎಂಬ ಕೊಡತಿ ಕೀಟದ ಮರಿ ಮರಳಿನಲ್ಲಿ ಹೂತುಕೊಂಡಿರುತ್ತದೆ. ಬರೀ ಕಲ್ಲು ಕೆದಕಿ ಮರಳು ಬಿಟ್ಟರೆ ಅದು ತಪ್ಪುತ್ತದೆ. ಆಗ 30ನ್ನು 7ರಿಂದ ಭಾಗಿಸಿ 4.29. ನದಿ ಇದ್ದ ಹಾಗೇ ಇದೆ, ಒಂದು ಕುಟುಂಬ ತಪ್ಪಿದ್ದಕ್ಕೆ ಎಎಸ್‌ಪಿಟಿ 0.46ರಷ್ಟು ಇಳಿಯಿತು. ಕಲ್ಲು, ಮರಳು, ದಂಡೆಯ ಬೇರು, ಆಪು ಹುಲ್ಲಿನ ಬುಡ, ಇಷ್ಟಕ್ಕೂ ಮೂರು ನಿಮಿಷವನ್ನು ಹಂಚಿ, ಎಷ್ಟೆಷ್ಟು ಎಂದು ಬರೆದಿಡಿ.

ಮೂರನೆಯದು ಗುರುತಿಸುವ ತಪ್ಪು. ಡ್ಯಾಮ್‌ಸೆಲ್‌ಫ್ಲೈ ಮರಿಗೂ ಹಿಂದೆ ಮೂರು ಬಾಲವಿದ್ದಂತೆ ಕಾಣುತ್ತದೆ, ಮೇಫ್ಲೈ ಮರಿಗೂ ಹಾಗೇ. ಡ್ಯಾಮ್‌ಸೆಲ್‌ಫ್ಲೈಯ ಆ ಮೂರೂ ಎಲೆಯಂತೆ ಚಪ್ಪಟೆ ಕಿವಿರುಗಳು. ಮೇಫ್ಲೈಯ ಬಾಲ ದಾರದಂತೆ, ಕಿವಿರು ಹೊಟ್ಟೆಯ ಎರಡೂ ಪಕ್ಕದಲ್ಲಿ ಮಿಡಿಯುತ್ತಿರುತ್ತದೆ. ಬಿಳಿ ತಟ್ಟೆಯಲ್ಲಿ ಜೀವಂತ ಇರುವಾಗಲೇ ನೋಡಿದರೆ ಈ ತಪ್ಪು ಆಗುವುದಿಲ್ಲ. ಶೇ. 70–80 ಆಲ್ಕೊಹಾಲಿಗೆ ಹಾಕಿದ ಮೇಲೆ ಕಿವಿರು ಉದುರುತ್ತದೆ. ಆಲ್ಕೊಹಾಲನ್ನು ಮರುದಿನ ಬದಲಿಸಿ. ಹುಳದ ಮೈನೀರು ಸೇರಿ ಅದು ತೆಳುವಾಗಿರುತ್ತದೆ. ಚೀಟಿ ಪೆನ್ಸಿಲಿನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ.

ನಮ್ಮ ದೇಶದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜೈವಿಕ ಮಾನದಂಡ ಎರಡು ಅಂಕಗಳನ್ನು ಒಟ್ಟಿಗೆ ಓದುತ್ತದೆ: ಕುಟುಂಬಗಳ ಸಪ್ರೋಬಿಕ್ ಅಂಕ (ಕೊಳೆ ತಾಳುವ ಗುಣದ ಅಂಕ) ಮತ್ತು ವೈವಿಧ್ಯದ ಅಂಕ. ವೈವಿಧ್ಯ ತೆಗೆಯುವ ರೀತಿ ಹೀಗೆ: ತಟ್ಟೆಯಿಂದ ಹುಳಗಳನ್ನು ಆರಿಸದೆ ಸಾಲಾಗಿ ತೆಗೆಯುತ್ತಾ ಹೋಗಿ, ಹಿಂದಿನದಕ್ಕಿಂತ ಬೇರೆ ಬಗೆಯದು ಬಂದಾಗಲೆಲ್ಲ ಹೊಸ ಸರಣಿ ಎಂದು ಎಣಿಸಿ. 40 ಹುಳಕ್ಕೆ 22 ಸರಣಿ ಬಂದರೆ 0.55. ಕಣ್ಣಿಗೆ ಚೆಂದ ಕಂಡದ್ದನ್ನು ಮೊದಲು ಎತ್ತುವ ಚಾಳಿಯಿಂದ ಈ ಅಂಕ ಸುಳ್ಳಾಗಿ ಏರುತ್ತದೆ. ತಟ್ಟೆಯ ಒಂದು ಮೂಲೆಯಿಂದ ಶುರುಮಾಡಿ ಸಿಕ್ಕಿದ್ದನ್ನು ಸಿಕ್ಕ ಹಾಗೆ ತೆಗೆಯಿರಿ.

ದೋಷ 3: ಅಂಕ ನಿಜಕ್ಕೂ ಬಿದ್ದಿದೆ. ಕಾರಣ ಯಾವುದು?

ಇಲ್ಲಿ ಅಂಕವನ್ನು ಪಕ್ಕಕ್ಕಿಟ್ಟು ಯಾರು ಹೋದರು, ಯಾರು ಉಳಿದರು ಎಂದು ನೋಡಬೇಕು. ಮೇಲೆ ಹೇಳಿದ ಅಂಕಗಳೆಲ್ಲ ಚರಂಡಿಯ ಕೊಳೆಯನ್ನು ಹಿಡಿಯಲು ಹುಟ್ಟಿದವು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಭತ್ತದ ನಾಡಿನಲ್ಲಿ ದೊಡ್ಡ ಪ್ರಶ್ನೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದ ಗದ್ದೆಯ ಬಸಿನೀರು. ಆ ಎರಡರ ಗುರುತು ಬೇರೆ ಬೇರೆ.

ಉಸಿರು ಕಟ್ಟಿದ ನೀರಿನಲ್ಲಿ ಕಿವಿರಿನಿಂದ ಉಸಿರಾಡುವವು ಹೋಗುತ್ತವೆ, ಮೇಲಿನ ಗಾಳಿ ನುಂಗುವವು ಉಳಿಯುತ್ತವೆ. ಮೇಫ್ಲೈ, ಕ್ಯಾಡಿಸ್‌ಫ್ಲೈ, ಸೀಗಡಿ ಇಲ್ಲ. ನೀರುಚೇಳು, ಬೆನ್ನೀಜು ತಿಗಣೆ, ಸೊಳ್ಳೆಮರಿ, ಉದ್ದ ಬಾಲದ ನೊಣದ ಹುಳ ಇವೆ. ಬಸವನಹುಳುವಿನಲ್ಲೂ ಇದೇ ಭೇದ ಕಾಣುತ್ತದೆ. ಬಾಯಿಗೆ ಮುಚ್ಚಳವಿರುವ ಜಾತಿಗಳು ಕಿವಿರಿನವು, ಮುಚ್ಚಳವಿಲ್ಲದವು ಶ್ವಾಸಕೋಶದವು. ಮುಚ್ಚಳದವು ಸತ್ತು ಮುಚ್ಚಳವಿಲ್ಲದವು ಹೆಚ್ಚಿದ್ದರೆ ಆಮ್ಲಜನಕದ ಕೊರತೆ ಎಂದು ತಿಳಿಯಿರಿ. ಗದ್ದೆಯ ದೊಡ್ಡ ಗುಳ್ಳೆ ಪೈಲಾವನ್ನು ಮಾತ್ರ ಈ ಲೆಕ್ಕದಿಂದ ಬಿಡಿ, ಅದಕ್ಕೆ ಎರಡೂ ಇವೆ. ಕೆಸರಿನಲ್ಲಿ ರಕ್ತಹುಳು, ಕೆಂಪು ದಾರದಂಥ ಟ್ಯೂಬಿಫೆಕ್ಸ್ ಮುಷ್ಟಿ ಮುಷ್ಟಿ ಸಿಗುತ್ತವೆ. ಇವುಗಳ ಮೈಯಲ್ಲಿ ನಮ್ಮ ರಕ್ತದಂತೆ ಹಿಮೋಗ್ಲೋಬಿನ್ ಇರುವುದರಿಂದ ಇದ್ದಷ್ಟು ಆಮ್ಲಜನಕವನ್ನೇ ಹಿಡಿದು ಬದುಕುತ್ತವೆ.

ದೃಢಪಡಿಸಲು ಆಮ್ಲಜನಕ ಅಳೆಯಿರಿ. ಯಾವ ಹೊತ್ತಿಗೆ ಅಳೆಯುತ್ತೀರಿ ಎಂಬುದು ಮುಖ್ಯ. 30 ಡಿಗ್ರಿಯ ನೀರು ಹಿಡಿಯಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 7.5 ಮಿ.ಗ್ರಾಂ. ಪಾಚಿಯಿಂದ ಹಸಿರಾದ ನೀರಿನಲ್ಲಿ ಮಧ್ಯಾಹ್ನ ಮೂರಕ್ಕೆ ಅಳೆದರೆ ಅದಕ್ಕಿಂತ ಬಹಳ ಹೆಚ್ಚು ತೋರಿಸುತ್ತದೆ. ಅದೇ ಪಾಚಿ ರಾತ್ರಿಯಿಡೀ ಉಸಿರಾಡಿ ನಸುಕಿನಲ್ಲಿ 2–3ಕ್ಕೆ ಇಳಿಸಬಲ್ಲದು. ಹುಳ ಸಾಯುವುದು ನಸುಕಿನಲ್ಲಿ. ಹಗಲು ಹನ್ನೊಂದರ ರೀಡಿಂಗ್ ಚೆನ್ನಾಗಿದೆ ಎಂದು ಹುಳದ ಸಾಕ್ಷಿಯನ್ನು ತಳ್ಳಿಹಾಕಬೇಡಿ. ಬೆಳಗಿನ ಐದೂವರೆಗೆ ಇನ್ನೊಮ್ಮೆ ಅಳೆಯಿರಿ.

ಕೀಟನಾಶಕದ ಗುರುತು ಇದಕ್ಕೆ ತದ್ವಿರುದ್ಧ. ಅದು ಉಸಿರಿನ ಭೇದ ನೋಡುವುದಿಲ್ಲ, ಕೀಟ, ಸೀಗಡಿಯ ಬಳಗವೋ ಅಲ್ಲವೋ ಎಂದು ನೋಡುತ್ತದೆ. ಮೇಫ್ಲೈ ಜೊತೆ ಗಾಳಿ ನುಂಗುವ ತಿಗಣೆಯೂ ಇಲ್ಲ, ಸೀಗಡಿಯೂ ಇಲ್ಲ. ಆದರೆ ಬಸವನಹುಳು, ಜಿಗಣೆ, ಎರೆಹುಳುವಿನ ಬಳಗ ಏನೂ ಆಗದಂತೆ ಇವೆ. ನಸುಕಿನ ಆಮ್ಲಜನಕವೂ ಸರಿಯಿದೆ. ಹೀಗಿದ್ದರೆ ಮೇಲ್ಬದಿಯಲ್ಲಿ ಕಳೆದ ವಾರಗಳಲ್ಲಿ ಕಂದು ಜಿಗಿಹುಳುವಿಗೋ ಕಾಂಡಕೊರಕಕ್ಕೋ ಎಣ್ಣೆ ಹೊಡೆದ ದಿನ, ಗದ್ದೆಯ ನೀರು ಬಿಚ್ಚಿದ ದಿನ ವಿಚಾರಿಸಿ. ಬಿಎಂಡಬ್ಲ್ಯೂಪಿ ಅಂಕ ಇಂಥ ಕಡೆ ಹೇಗೆ ಬಿದ್ದಿತೆಂದು ಹೇಳುವುದಿಲ್ಲ. ಹೆಸರುಗಳ ಪಟ್ಟಿ ಹೇಳುತ್ತದೆ. ಇದಕ್ಕೆ ತಿರುವಾಗಿ ಕೀಟಗಳಿದ್ದು ಬಸವನಹುಳು ಮಾತ್ರ ಸತ್ತಿದ್ದರೆ ತಾಮ್ರದ ಔಷಧದ ಕಡೆ ನೋಡಿ.

ಎಲ್ಲ ಬಗೆಯವೂ ಇವೆ, ಸಂಖ್ಯೆ ಮಾತ್ರ ಕುಗ್ಗಿದೆ ಎಂದಾದರೆ ಹೂಳು. ಸಂಡೂರಿನ ನಾರಿಹಳ್ಳದಂಥ ಕೆಂಪು ಮಣ್ಣಿನ ಕಡೆ ಇದು ಸಾಮಾನ್ಯ. ಕಲ್ಲು ಎತ್ತುವಾಗ ಅದು ಅರ್ಧಕ್ಕಿಂತ ಹೆಚ್ಚು ಮಣ್ಣಿನಲ್ಲಿ ಕಚ್ಚಿಕೊಂಡಿದ್ದರೆ ಅಡಿಯಲ್ಲಿ ಹುಳ ಬಾಳುವ ಸಂದು ಮುಚ್ಚಿಹೋಗಿದೆ ಎಂದರ್ಥ.

ಬಸಿಗಾಲುವೆ ಸೇರುವ ಕಡೆ ಹೋಲಿಕೆ ಮಾಡುವಾಗ ಒಂದು ತಪ್ಪು ಪದೇ ಪದೇ ಆಗುತ್ತದೆ. ಹಳ್ಳದ ನೀರು ನದಿಗೆ ಬಿದ್ದೊಡನೆ ಬೆರೆಯುವುದಿಲ್ಲ, ಅದೇ ದಂಡೆ ಹಿಡಿದು ಬಹುದೂರ ಸಾಗುತ್ತದೆ. ಎದುರು ದಂಡೆಯಲ್ಲಿ ಮಾದರಿ ತೆಗೆದರೆ ಏನೂ ಸಿಗುವುದಿಲ್ಲ. ನೀರಿನಲ್ಲಿ ಕರಗಿದ ಲವಣದ ಏರಿಳಿತ ತೋರಿಸುವ ವಾಹಕತೆಯ ಮೀಟರ್ ಹಿಡಿದು ದಂಡೆಯಿಂದ ಒಳಕ್ಕೆ ಹೆಜ್ಜೆ ಹೆಜ್ಜೆಗೂ ಓದಿ. ಬಸಿನೀರಿನ ಪಟ್ಟಿ ಎಲ್ಲಿ ಮುಗಿಯುತ್ತದೆ ಎಂಬುದು ಅಂಕಿಯಲ್ಲೇ ಕಾಣುತ್ತದೆ. ಮಾದರಿ ಆ ಪಟ್ಟಿಯೊಳಗೆ ಒಂದು, ಸೇರುವ ಜಾಗದಿಂದ 100 ಮೀಟರ್ ಮೇಲೆ ಅದೇ ದಂಡೆಯಲ್ಲಿ ಇನ್ನೊಂದು.

ದೋಷ 4: ಬಾವಲಿಯ ದಾಖಲೆ ಖಾಲಿ, ಅಥವಾ ಗದ್ದಲದಿಂದ ತುಂಬಿದೆ

ಮೊದಲು ಗಡಿಯಾರ. ಆಡಿಯೊಮಾತ್‌ನಂಥ ದನಿ ದಾಖಲಿಸುವ ಯಂತ್ರದ ವೇಳಾಪಟ್ಟಿ ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿನ ಅಂತರರಾಷ್ಟ್ರೀಯ ಸಮಯ) ಇದ್ದರೆ, ನೀವು 18:00 ಎಂದು ಕೊಟ್ಟದ್ದು ನಮ್ಮ ರಾತ್ರಿ 11:30ಕ್ಕೆ ಶುರುವಾಗುತ್ತದೆ. ಬಾವಲಿಗಳು ಅತಿ ಹೆಚ್ಚು ಬೇಟೆಯಾಡುವ ಮುಸ್ಸಂಜೆ ಪೂರ್ತಿ ತಪ್ಪಿಹೋಗುತ್ತದೆ. ಈ ಸೀಮೆಯಲ್ಲಿ ಸೂರ್ಯ ಮುಳುಗುವುದು ಡಿಸೆಂಬರಿನಲ್ಲಿ ಆರರ ಸುಮಾರಿಗೆ, ಜೂನಿನಲ್ಲಿ ಏಳಕ್ಕೆ ಸಮೀಪ. ಬ್ಯಾಟರಿ ಬದಲಿಸಿದ ಮೇಲೆ ಗಡಿಯಾರವನ್ನು ಮತ್ತೆ ಹೊಂದಿಸಲೇಬೇಕು.

ನಸುಕಿನ ಫೈಲುಗಳೇ ಇಲ್ಲವೆಂದರೆ ಕಾರ್ಡ್ ತುಂಬಿದೆ. 384 ಕಿಲೋಹರ್ಟ್ಸ್ ವೇಗದಲ್ಲಿ 16 ಬಿಟ್ ದಾಖಲೆ ಸೆಕೆಂಡಿಗೆ 768 ಕಿಲೋಬೈಟ್, ಗಂಟೆಗೆ ಸುಮಾರು 2.8 ಜಿಬಿ. ಬಿಡದೆ ದಾಖಲಿಸಿದರೆ 32 ಜಿಬಿ ಕಾರ್ಡ್ ಒಂದು ರಾತ್ರಿಗೂ ಸಾಲದು. ಐದು ಸೆಕೆಂಡ್ ದಾಖಲೆ, ಐದು ಸೆಕೆಂಡ್ ವಿರಾಮ ಇಟ್ಟರೆ ಅರ್ಧ ಉಳಿಯುತ್ತದೆ. ಜಾಗ ಉಳಿಸಲು ವೇಗವನ್ನು 256ಕ್ಕೆ ಇಳಿಸುವ ಆಸೆ ಬೇಡ. ಯಂತ್ರ ಹಿಡಿಯುವುದು ವೇಗದ ಅರ್ಧದಷ್ಟನ್ನು ಮಾತ್ರ, ಅಂದರೆ 128 ಕಿಲೋಹರ್ಟ್ಸ್. ಹಳೆ ಮಂಟಪ, ಗುಹೆಗಳಲ್ಲಿ ನೆಲೆಸುವ ಎಲೆಮೂಗಿನ ಬಾವಲಿಗಳಲ್ಲಿ ಕೆಲವು ಅದಕ್ಕಿಂತ ಮೇಲೆ ಕೂಗುತ್ತವೆ. ಅವು ಇದ್ದೂ ಇಲ್ಲದಂತಾಗುತ್ತವೆ.

ಯಂತ್ರ ಓಡುತ್ತಿದೆ, ದನಿ ಮಂಕು ಎಂದಾದರೆ ಮೈಕಿನ ತೂತು ನೋಡಿ. ನದಿಯ ಬದಿಯ ಇಬ್ಬನಿ ಅದರ ಮೇಲೆ ಪೊರೆಯಂತೆ ಕೂರುತ್ತದೆ. ಪ್ಲಾಸ್ಟಿಕ್ ಚೀಲ ಸುತ್ತಿದ್ದರೆ ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಬಾವಲಿಯ ದನಿ ನುಂಗಿಹೋಗುತ್ತದೆ, ಗಾಳಿಗೆ ಚೀಲ ಸದ್ದು ಮಾಡುತ್ತದೆ. ಎರಡು ಮೀಟರ್ ದೂರದಲ್ಲಿ ಕೀಲಿಗೊಂಚಲು ಅಲ್ಲಾಡಿಸಿ; ಅದರ ಸದ್ದು 40 ಕಿಲೋಹರ್ಟ್ಸಿನ ಆಚೆಗೂ ಹರಡುತ್ತದೆ, ಸ್ಪೆಕ್ಟ್ರೋಗ್ರಾಮಿನಲ್ಲಿ (ದನಿಯ ಎತ್ತರವನ್ನು ತೋರಿಸುವ ಚಿತ್ರದಲ್ಲಿ) ಕಾಣಬೇಕು. ಎರಡು ಜಾಗ ಹೋಲಿಸಲು ಎರಡು ಯಂತ್ರ ಬಳಸುವಿರಾದರೆ ಮೊದಲ ರಾತ್ರಿ ಎರಡನ್ನೂ ಒಂದೇ ಕಂಬಕ್ಕೆ ಕಟ್ಟಿ, ಎಣಿಕೆ ಎಷ್ಟು ಹತ್ತಿರ ಬರುತ್ತದೆ ಎಂದು ನೋಡಿಕೊಳ್ಳಿ.

ಗದ್ದಲದಲ್ಲಿ ಎರಡು ಬಗೆ. ಗದ್ದೆಯ ಬದಿಯ ಮಿಡತೆಗಳ ಕೂಗು 15ರಿಂದ 40 ಕಿಲೋಹರ್ಟ್ಸ್‌ವರೆಗೆ ಅಗಲವಾದ ಪಟ್ಟಿಯಾಗಿ ಗಂಟೆಗಟ್ಟಲೆ ಇರುತ್ತದೆ. ಎಲ್‌ಇಡಿ ದೀಪ ಅಥವಾ ಪಂಪ್‌ಸೆಟ್ಟಿನ ಸ್ಟಾರ್ಟರ್ ಹತ್ತಿರವಿದ್ದರೆ ಒಂದೇ ಎತ್ತರದಲ್ಲಿ, ತೂತಿಲ್ಲದ ನೇರ ಗೆರೆ. ಬಾವಲಿಯದು ಯಾವತ್ತೂ ತುಂಡು ತುಂಡು. ಒಂದೊಂದು ತುಂಡು ಸೆಕೆಂಡಿನ ಬಹಳ ಸಣ್ಣ ಭಾಗ.

ಮೈಕು ನೀರಿನ ಮಟ್ಟದಿಂದ ಒಂದೂವರೆ-ಎರಡು ಮೀಟರ್ ಮೇಲೆ, ಎಲೆ ತಾಗದಂತೆ, ಮಡುವಿನ ಕಡೆ ಮುಖಮಾಡಿ ಇರಲಿ. ಹುಳಕ್ಕೆ ಹರಿಯುವ ಕಲ್ಲುಜಾಗ ಬೇಕು, ಬಾವಲಿಗೆ ನಿಂತ ಕನ್ನಡಿಯಂಥ ನೀರು ಬೇಕು. ಭೋರ್ಗರೆವ ಕಡೆ ನೀರಿನ ಸದ್ದಿಗೂ ಅಲೆಗೂ ಬಾವಲಿಗೆ ಬೇಟೆಯ ಮಾರ್ದನಿ ಸಿಗುವುದಿಲ್ಲ, ಅದು ಅಲ್ಲಿಗೆ ಬರುವುದೇ ಕಡಿಮೆ. ಆದ್ದರಿಂದ ಎರಡು ಜಾಗ ಬೇರೆ ಇರಲಿ, ನಡುವೆ 200 ಮೀಟರ್ ಮೀರದಿರಲಿ.

ಕಂಪ್ಯೂಟರ್ ತಾನಾಗಿ ಕೊಡುವ ಜಾತಿಯ ಹೆಸರು ನಂಬಬೇಡಿ. ಬಹುಪಾಲು ತಂತ್ರಾಂಶ ಯುರೋಪು, ಅಮೆರಿಕದ ಬಾವಲಿಗಳ ಮೇಲೆ ಕಲಿತದ್ದು. ಆನೆಗೊಂದಿಯಲ್ಲಿ ಇಂಗ್ಲೆಂಡಿನ ಬಾವಲಿ ಇದೆ ಎಂದು ವರದಿ ಬರುತ್ತದೆ. ದನಿಯ ಗುಂಪು ಮಾಡಿದರೆ ಸಾಕು. 25–30 ಕಿಲೋಹರ್ಟ್ಸ್ ಸುಮಾರಿನವು ಬಂಡೆಸಂದಿಯ ದೊಡ್ಡ ಗೋರಿಬಾವಲಿಗಳು, ಎತ್ತರದಲ್ಲಿ ಹಾರುತ್ತವೆ, ಕೆಳಗಿನ ನೀರಿನ ಬಗ್ಗೆ ಅಷ್ಟು ಹೇಳುವುದಿಲ್ಲ. ಅವನ್ನು ಬೇರೆ ಎಣಿಸಿ. ಅದಕ್ಕಿಂತ ಮೇಲಿನ ಪಿಪಿಸ್ಟ್ರೆಲ್ ಗುಂಪು, ಮತ್ತು ನೀರಿಗೆ ಮುಟ್ಟುವಷ್ಟು ಕೆಳಗೆ ಹಾರುವ ಮಯೋಟಿಸ್ ಗುಂಪು ನಮಗೆ ಮುಖ್ಯ. ಹಣ್ಣುಬಾವಲಿ ಈ ಲೆಕ್ಕಕ್ಕೆ ಬೇಡ.

ದೋಷ 5: ಹುಳ ಕೆಟ್ಟಿದೆ, ಬಾವಲಿ ಹೆಚ್ಚಿದೆ

ಇದು ತಪ್ಪಲ್ಲ, ಒಂದು ಸುಳಿವು. ಪಟ್ಟಣದ ಚರಂಡಿ ಸೇರುವ ಕಡೆ ರಕ್ತಹುಳು ಲೆಕ್ಕವಿಲ್ಲದಷ್ಟು ಬೆಳೆದು, ಸಂಜೆ ಸೊಳ್ಳೆಯಂಥ ಕಚ್ಚದ ನೊಣಗಳಾಗಿ ಮೋಡದಂತೆ ಏಳುತ್ತವೆ. ಪಿಪಿಸ್ಟ್ರೆಲ್‌ಗೆ ಅದು ತುಂಬಿದ ತಟ್ಟೆ. ಬಾವಲಿಯ ಒಟ್ಟು ಎಣಿಕೆಯನ್ನೇ ನದಿಯ ಆರೋಗ್ಯ ಎಂದು ಬರೆದರೆ ಕೊಳಚೆಗೆ ಒಳ್ಳೆಯ ಅಂಕ ಕೊಟ್ಟ ಹಾಗೆ. ನೋಡಬೇಕಾದದ್ದು ಗುಂಪುಗಳ ಪಾಲು: ಒಂದೇ ಗುಂಪು ಉಬ್ಬಿ ಉಳಿದವು ಕುಗ್ಗಿವೆಯೇ?

ಖಚಿತಪಡಿಸಿಕೊಳ್ಳಲು ತೇಲುವ ಗೋಪುರಬಲೆ ಇಡಿ. ಪಿವಿಸಿ ಪೈಪಿನ 50 ಸೆಂ.ಮೀ. ಚೌಕ, ಮೇಲೆ ಗೋಪುರದಂತೆ ಸಣ್ಣಕಣ್ಣಿನ ಜಾಲ, ತುದಿಯಲ್ಲಿ ಬಾಟಲಿ. 24 ಗಂಟೆಯಲ್ಲಿ ನೀರಿನಿಂದ ಎದ್ದದ್ದೆಲ್ಲ ಅದರಲ್ಲಿ ಸಿಗುತ್ತದೆ. ಬರೀ ರಕ್ತಹುಳುವಿನ ನೊಣವೇ ಇದ್ದು ಮೇಫ್ಲೈ, ಕ್ಯಾಡಿಸ್‌ಫ್ಲೈ ಇಲ್ಲದಿದ್ದರೆ ಬಾವಲಿಯ ಹೆಚ್ಚಳದ ಕಾರಣ ಸಿಕ್ಕಿತು.

ದೋಷ 6: ಹುಳ ಚೆನ್ನಾಗಿದೆ, ಬಾವಲಿ ಇಲ್ಲ

ನೀರನ್ನು ಬಿಟ್ಟು ದಂಡೆ ನೋಡಿ. ಹೊಸ ಹೈಮಾಸ್ಟ್ ದೀಪ ಬಿದ್ದಿದೆಯೇ? ಪಿಪಿಸ್ಟ್ರೆಲ್ ದೀಪದ ಹುಳಕ್ಕೆ ಅಲ್ಲಿಗೇ ಹೋಗುತ್ತದೆ, ಬೆಳಕಿಗೆ ಹೆದರುವ ಮಯೋಟಿಸ್, ಎಲೆಮೂಗಿನವು ಆ ದಾರಿಯನ್ನೇ ಬಿಡುತ್ತವೆ. ಸೇತುವೆಯ ಸಂದಿಗೆ ಗಾರೆ ಮೆತ್ತಿದ್ದಾರೆಯೇ, ಹಳೆ ಮಂಟಪಕ್ಕೆ ಜಾಲರಿ ಬಡಿದಿದ್ದಾರೆಯೇ, ದಂಡೆಯ ಹೊಂಗೆ, ಮತ್ತಿ ಮರ ಕಡಿದಿದ್ದಾರೆಯೇ? ಗಾಳಿ, ಮಳೆ, ಬೆಳದಿಂಗಳು ಕೂಡ ಒಂದು ರಾತ್ರಿಯ ಎಣಿಕೆಯನ್ನು ಕೆಡಿಸುತ್ತವೆ. ಒಂದು ಜಾಗಕ್ಕೆ ಕನಿಷ್ಠ ಐದು ರಾತ್ರಿ, ಮೇಲ್ಬದಿಯ ಹೋಲಿಕೆಯ ಜಾಗದಲ್ಲೂ ಅದೇ ಐದು ರಾತ್ರಿ. ಬರೀ ಹಾದುಹೋದದ್ದನ್ನು ಎಣಿಸದೆ, ಬೇಟೆ ಹಿಡಿಯುವ ಕ್ಷಣದ ಗಿರ್ರೆಂಬ ಒತ್ತೊತ್ತಾದ ದನಿಯನ್ನು ಬೇರೆ ಎಣಿಸಿ. ಹಾದುಹೋಗುವಿಕೆ ಇದ್ದು ಆ ದನಿ ಇಲ್ಲದಿದ್ದರೆ ಬಾವಲಿ ಈ ದಾರಿಯಲ್ಲಿ ಹೋಗುತ್ತಿದೆ, ಇಲ್ಲಿ ಉಣ್ಣುತ್ತಿಲ್ಲ.

ವಿಷವೇ ಎಂದು ಅನುಮಾನ ಗಟ್ಟಿಯಾದಾಗ

ನೀರನ್ನು ಒಂದು ಲೀಟರಿನ ಕಂದು ಗಾಜಿನ ಬಾಟಲಿಗೆ ತುಂಬಿ; ಪ್ಲಾಸ್ಟಿಕ್ ಕೀಟನಾಶಕವನ್ನು ಗೋಡೆಗೆ ಹೀರಿಕೊಳ್ಳುತ್ತದೆ. ಬಾಯಿವರೆಗೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು, ಸಾಧ್ಯವಾದರೆ ಮರುದಿನದೊಳಗೆ ಪ್ರಯೋಗಾಲಯಕ್ಕೆ ಮುಟ್ಟಿಸಿ. ವಿಷದ ಅಲೆ ಹರಿದುಹೋಗಿರುವ ಸಾಧ್ಯತೆ ಹೆಚ್ಚಾದ್ದರಿಂದ ನೀರಿನ ಜೊತೆ ತಳದ ಕೆಸರಿನ ಮೇಲಿನ ಎರಡು ಸೆಂ.ಮೀ. ಪದರವನ್ನೂ ಗಾಜಿನ ಜಾಡಿಯಲ್ಲಿ ತೆಗೆದುಕೊಳ್ಳಿ. ಪೈರೆಥ್ರಾಯ್ಡ್‌ನಂಥ ಕೀಟನಾಶಕಗಳು ನೀರಿಗಿಂತ ಕೆಸರಿಗೆ ಹೆಚ್ಚು ಅಂಟುತ್ತವೆ. ಮೇಲ್ಬದಿಯ ಜಾಗದಿಂದಲೂ ಅದೇ ದಿನ, ಅದೇ ಬಗೆಯ ಬಾಟಲಿಯಲ್ಲಿ ಒಂದೊಂದು. ಮೊದಲು ಮೇಲ್ಬದಿ, ಆಮೇಲೆ ಕೆಳಬದಿ ತೆಗೆಯಿರಿ. ತಿರುವಾದರೆ ನಿಮ್ಮ ಕೈ, ಹಗ್ಗ, ಬೂಟಿನ ಕೊಳೆಯೇ ಶುದ್ಧ ಮಾದರಿಗೆ ಸೇರುತ್ತದೆ. ಹುಳದ ಬಾಟಲಿಗಳನ್ನು, ಆ ದಿನ ನದಿಗೆ ಬಿಟ್ಟ ನೀರಿನ ಕ್ಯೂಸೆಕ್ ಅಂಕಿಯನ್ನು ಮತ್ತು ಕಲ್ಲು ಉಜ್ಜಿ ನೋಡಿದ ಟಿಪ್ಪಣಿಯನ್ನು ದೂರಿನ ಜೊತೆಗೇ ಕೊಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಮೊದಲು ಕೇಳುವ ಪ್ರಶ್ನೆ ನೀರಿನ ಮಟ್ಟ ಹೇಗಿತ್ತು ಎಂಬುದೇ.